‘ರಿ’ಗೆ ಒಂದು ಟೊಂಗೆ

ಇಂಡಿಯ ನಿಂಬೆ ಪೇಟೆಯಲ್ಲೋ ಮುದ್ದೇಬಿಹಾಳದ ಬಸ್‌ಸ್ಟ್ಯಾಂಡಿನಲ್ಲೋ ತುಸು ಹೊತ್ತು ನಿಂತರೆ ವ್ಯಾಕರಣದ ಒಂದು ದೊಡ್ಡ ಸಮಸ್ಯೆ ಮೇಲಿಂದ ಮೇಲೆ ಕಿವಿಗೆ ಬೀಳುತ್ತದೆ: ‘ಬರ್ತೀನ್ರಿ.’ ಬರುವವನು ನಾನು, ಕ್ರಿಯಾಪದ ನನಗೊಪ್ಪಿ ‘ಬರ್ತೀನಿ’ ಆಯಿತು. ಕೊನೆಯ ‘ರಿ’ ಮಾತ್ರ ಬರುವ ಕೆಲಸದಲ್ಲಿ ಪಾಲೇ ಇಲ್ಲದೆ ಎದುರು ನಿಂತು ಕೇಳುವವರದು. ಕೇಳುವವನು ಗೆಳೆಯನಾದರೆ ‘ಬರ್ತೀನಲೇ’, ತಾಯಿಯಾದರೆ ‘ಬರ್ತೀನವ್ವಾ’.

ಈ ‘ರಿ’ಯನ್ನು ವ್ಯಾಕರಣದಲ್ಲಿ ಎಲ್ಲಿ ಕೂಡಿಸುವುದು? ಭಾಷಾವಿಜ್ಞಾನಿ ಚಾಮ್‌ಸ್ಕಿ 1957ರಲ್ಲಿ ವಾಕ್ಯವನ್ನು ನಿಯಮಗಳಿಂದ ಕವಲೊಡೆಯುವ ಮರವಾಗಿ ತೋರಿಸಿದ. ಪೀಟರ್ ಇಂಗರ್‌ಮನ್ 1967ರಲ್ಲಿ, ಕಂಪ್ಯೂಟರ್ ಭಾಷೆಗಳನ್ನು ಬರೆಯುವ ಸೂತ್ರಪದ್ಧತಿಗೆ ಪಾಣಿನಿಯ ಹೆಸರನ್ನೂ ಸೇರಿಸಬೇಕೆಂದ. ವಿನೀತ್ ಚೈತನ್ಯ, ರಾಜೀವ್ ಸಂಗಲ್ ಮತ್ತು ಗೆಳೆಯರು 1995ರ ತಮ್ಮ ಪುಸ್ತಕದಲ್ಲಿ ಪಾಣಿನಿಯ ಕಾರಕಗಳನ್ನೇ, ಅಂದರೆ ಕ್ರಿಯೆಯಲ್ಲಿ ಯಾರ ಪಾತ್ರ ಯಾವುದೆಂಬ ಸಂಬಂಧಗಳನ್ನೇ, ಹಿಡಿದು ಯಂತ್ರಕ್ಕೆ ಭಾರತೀಯ ಭಾಷೆ ಕಲಿಸುವ ದಾರಿ ಹಾಕಿದರು. ಆ ದಾರಿ ನಮಗೆ ಒಗ್ಗುತ್ತದೆ. ‘ರಾಮಗ ನಾ ರೊಕ್ಕಾ ಕೊಟ್ಟೆ’ ಎಂಬುದರ ಪದಗಳನ್ನು ಹೇಗೆ ಹಿಂದುಮುಂದು ಮಾಡಿದರೂ ರೊಕ್ಕ ಮುಟ್ಟಿದ್ದು ರಾಮನಿಗೇ, ಆ ‘ಗ’ ಪ್ರತ್ಯಯ ಕಾಯುತ್ತದೆ.

ಕನ್ನಡಕ್ಕೆ ಸೂತ್ರ ಕಟ್ಟಿದವರು ಮೊದಲೂ ಇದ್ದರು. ಕೇಶಿರಾಜ ಕವಿಗಳ ಪ್ರಯೋಗಗಳನ್ನು ನೆಚ್ಚಿದ. ಭಟ್ಟಾಕಳಂಕ 1604ರಲ್ಲಿ 592 ಸೂತ್ರಗಳನ್ನು ಸಂಸ್ಕೃತದಲ್ಲಿ ಬರೆದ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕೆಂದು ಡಿ.ಎನ್. ಶಂಕರ ಭಟ್ಟರು ಹಟ ಹಿಡಿದದ್ದು ನನಗೆ ಸರಿಯೆನಿಸುತ್ತದೆ. ಆ ವ್ಯಾಕರಣ ಪೇಟೆಯ ಮಾತನ್ನೂ ಒಳಗೊಳ್ಳಬೇಕು.

ಈ ಸೀಮೆಗೆ ಮಾತಿನ ಹಂಬಲ ಹಳೆಯದು. ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲಿ. ಶಾಸನ, ವಚನಗಳನ್ನು ಜೀವಮಾನವಿಡೀ ಶೋಧಿಸಿದ ಎಂ.ಎಂ. ಕಲಬುರ್ಗಿಯವರ ಊರು ಸಿಂದಗಿ ತಾಲ್ಲೂಕಿನ ಯರಗಲ್ಲು. ಹಲಸಂಗಿಯ ಮಧುರಚೆನ್ನ, ಸಿಂಪಿ ಲಿಂಗಣ್ಣ ಮತ್ತು ಗೆಳೆಯರು ಹೆಣ್ಣುಮಕ್ಕಳ ಬಾಯಲ್ಲಿದ್ದ ಹಾಡುಗಳನ್ನು ಹುಡುಕಿ ಬರೆದಿಟ್ಟರು. ಅದೇ ಶ್ರದ್ಧೆಯಿಂದ ಇವತ್ತು ಯಾರಾದರೂ ಇಲ್ಲಿಯ ವಾಕ್ಯಗಳನ್ನು ಕೂಡಿಹಾಕಿ, ಒಂದೊಂದಕ್ಕೂ ಮರ ಬಿಡಿಸಲಿ ಎಂಬುದು ನನ್ನ ಆಸೆ.

ಬಿಡಿಸಹೋದರೆ ‘ರಿ’ ಅಡ್ಡ ಬರುತ್ತದೆ. ಬಾಸ್ಕ್ ಭಾಷೆಯ ಕ್ರಿಯಾಪದವೂ ಕೇಳುಗರ ಗುರುತು ಹೊರುವುದುಂಟು, ಆಡುತಮಿಳಿನಲ್ಲೂ ಇಂಥದ್ದಿದೆ. ನಮ್ಮ ‘ರಿ’ಗೆ ಕ್ರಿಯಾಪದವೇ ಬೇಕೆಂದಿಲ್ಲ: ‘ಇಲ್ರಿ, ನಾಳಿಗ್ರಿ, ಬರ್ತೀನ್ರಿ.’ ಹಾಗೆಂದು ಅದು ಸಡಿಲವಾದ ಬಾಲವಲ್ಲ. ‘ಅಂವ ಬರ್ತೀನ್ರಿ ಅಂದಾನ’ ಎಂದರೆ ಮರ್ಯಾದೆ ಆಗ ಅವನೆದುರು ಇದ್ದವರಿಗೆ. ‘ಅಂವ ಬರ್ತೀನಿ ಅಂದಾನ್ರಿ’ ಎಂದರೆ ಈಗ ನನ್ನೆದುರು ಇರುವವರಿಗೆ. ಒಳವಾಕ್ಯಕ್ಕೊಬ್ಬ ಕೇಳುಗ, ಹೊರವಾಕ್ಯಕ್ಕೊಬ್ಬ. ಇಬ್ಬರಿಗೂ ಬೇರೆ ಬೇರೆ ಟೊಂಗೆ ಕೊಡುವ ವ್ಯಾಕರಣವೇ ಈ ಸೀಮೆಯ ಮಾತಿಗೆ ಸಾಲುವ ವ್ಯಾಕರಣ.