ದೋಷವನ್ನು ಅರಸುವ ವಿದ್ಯೆ

ತನ್ನ ಕೃತಿಯಲ್ಲಿ ತಪ್ಪಿರಬಹುದೆಂದು ಒಪ್ಪಿಕೊಳ್ಳುವುದು ಮನುಷ್ಯನಿಗೆ ಸುಲಭವಲ್ಲ. ಬರೆದವನ ಕಣ್ಣಿಗೆ ಬರೆದುದೆಲ್ಲವೂ ಸರಿಯಾಗಿಯೇ ತೋರುತ್ತದೆ. ಲೆಕ್ಕ ಮಾಡಿದ ವಿದ್ಯಾರ್ಥಿಯು ಮತ್ತೊಮ್ಮೆ ತಾಳೆ ನೋಡದೆ ಉತ್ತರಪತ್ರಿಕೆಯನ್ನು ಒಪ್ಪಿಸುವುದು ಈ ಭರವಸೆಯಿಂದಲೇ. ಗಣಕಯಂತ್ರಕ್ಕೆ ಆಜ್ಞೆಗಳನ್ನು ಬರೆಯುವವರೂ ಈ ದೌರ್ಬಲ್ಯಕ್ಕೆ ಹೊರತಲ್ಲ. ಆದುದರಿಂದಲೇ ತಂತ್ರಾಂಶವನ್ನು ಪರೀಕ್ಷಿಸುವುದು ಒಂದು ಪ್ರತ್ಯೇಕ ವಿದ್ಯೆಯಾಗಿ ಬೆಳೆದಿದೆ.

ತಂತ್ರಾಂಶದ ದೋಷಕ್ಕೆ ‘ಬಗ್’, ಎಂದರೆ ಹುಳು, ಎಂಬ ಹೆಸರು ಬಂದಿದೆ. ಈ ರೂಢಿ ಗಣಕಕ್ಕಿಂತ ಹಳೆಯದು. ಎಡಿಸನ್ 1878ರಲ್ಲಿಯೇ ತನ್ನ ಯಂತ್ರಗಳ ದೋಷಕ್ಕೆ ಈ ಶಬ್ದವನ್ನು ಬಳಸಿದ್ದನು. 1947ರ ಸೆಪ್ಟೆಂಬರ್ 9ರಂದು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವು ನಿರ್ಮಿಸಿದ ‘ಮಾರ್ಕ್ 2’ ಗಣಕದ ರಿಲೇಯೊಂದರಲ್ಲಿ ನಿಜವಾದ ಪತಂಗವೇ ಸಿಕ್ಕಿತು. ಅಲ್ಲಿದ್ದವರು ಅದನ್ನು ದಾಖಲೆ ಪುಸ್ತಕದಲ್ಲಿ ಅಂಟಿಸಿ, ಎಲ್ಲಿ ದೊರೆಯಿತೆಂಬುದನ್ನೂ ಬರೆದಿಟ್ಟರು. ಕಂಡ ದೋಷವನ್ನು ಮರೆಮಾಡದೆ ದಾಖಲಿಸುವುದೇ ಈ ವಿದ್ಯೆಯ ಮೊದಲ ಪಾಠ.

ಆ ಪಾಠವನ್ನು ಮರೆತರೆ ಏನಾಗುವುದೆಂಬುದಕ್ಕೆ ‘ಥೆರಾಕ್-25’ ಎಂಬ ಯಂತ್ರದ ಕಥೆ ಸಾಕ್ಷಿಯಾಗಿದೆ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುತ್ತಿದ್ದ ಈ ಯಂತ್ರದಿಂದ ಅಮೆರಿಕ ಮತ್ತು ಕೆನಡಾಗಳಲ್ಲಿ 1985ರಿಂದ 1987ರ ನಡುವೆ ಆರು ಮಂದಿಗೆ ವಿಪರೀತ ವಿಕಿರಣ ತಗುಲಿತು. ಕೆಲವರು ಪ್ರಾಣವನ್ನೇ ಕಳೆದುಕೊಂಡರು. ಹಿಂದಿನ ಮಾದರಿಯಲ್ಲಿದ್ದ ಪ್ರತ್ಯೇಕ ರಕ್ಷಣಾ ಸಾಧನಗಳನ್ನು ತೆಗೆದು, ಆ ಹೊಣೆಯನ್ನು ತಂತ್ರಾಂಶಕ್ಕೇ ವಹಿಸಲಾಗಿತ್ತು.

1986ರ ಮಾರ್ಚಿಯಲ್ಲಿ ಟೆಕ್ಸಾಸ್ ಪ್ರಾಂತದ ಟೈಲರ್ ಪಟ್ಟಣದಲ್ಲಿ ಯಂತ್ರವನ್ನು ನಡೆಸುತ್ತಿದ್ದಾಕೆ ಚಿಕಿತ್ಸೆಯ ಬಗೆಯನ್ನು ಸೂಚಿಸುವ ಅಕ್ಷರವನ್ನು ತಪ್ಪಾಗಿ ಒತ್ತಿ, ಕೂಡಲೇ ತಿದ್ದಿದಳು. ಪರದೆಯ ಮೇಲೆ ‘ಮಾಲ್‌ಫಂಕ್ಷನ್ 54’ ಎಂದಷ್ಟೇ ಮೂಡಿತು. ಅದರ ಅರ್ಥವನ್ನು ಆಕೆಗೆ ಕೊಟ್ಟ ಕೈಪಿಡಿ ತಿಳಿಸಿರಲಿಲ್ಲ. ತಜ್ಞರು ಬಂದು ಪರೀಕ್ಷಿಸಿದರು, ದೋಷ ಮರುಕಳಿಸಲಿಲ್ಲ. ಯಂತ್ರವು ಮತ್ತೆ ಕೆಲಸಕ್ಕೆ ನಿಂತಿತು. ಏಪ್ರಿಲ್ 11ರಂದು ಇನ್ನೊಬ್ಬ ರೋಗಿ ಅದೇ ದುರಂತಕ್ಕೆ ಈಡಾದನು.

ಆಗ ಆಸ್ಪತ್ರೆಯ ಭೌತವಿಜ್ಞಾನಿಯು ಆಕೆಯೊಡನೆ ಕುಳಿತು, ಆಕೆ ಮಾಡಿದುದನ್ನೆಲ್ಲ ಹಾಗೆಯೇ ಮತ್ತೆ ಮತ್ತೆ ಮಾಡಿ ನೋಡಿದನು. ಕೊನೆಗೆ ರಹಸ್ಯ ತಿಳಿಯಿತು: ಅದು ಬೆರಳಿನ ವೇಗದಲ್ಲಿತ್ತು! ಯಂತ್ರದ ಅಯಸ್ಕಾಂತಗಳು ಅಣಿಗೊಳ್ಳಲು ಸುಮಾರು 8 ಸೆಕೆಂಡು ಬೇಕು. ಅಷ್ಟರೊಳಗೆ ತಿದ್ದುಪಡಿ ಮುಗಿದರೆ ತಂತ್ರಾಂಶವು ಅದನ್ನು ಗಮನಿಸುತ್ತಲೇ ಇರಲಿಲ್ಲ. ನಿಧಾನವಾಗಿ ಒತ್ತುವ ಪರೀಕ್ಷಕರಿಗೆ ಆ ದೋಷ ಕಾಣುವಂತೆಯೇ ಇರಲಿಲ್ಲ. ನಿತ್ಯದ ಅಭ್ಯಾಸದಿಂದ ಕೈ ಪಳಗಿದವಳ ಮುಂದೆ ಅದು ಪ್ರತ್ಯಕ್ಷವಾಯಿತು. 1987ರ ಜನವರಿಯಲ್ಲಿ ವಾಷಿಂಗ್ಟನ್ ಪ್ರಾಂತದ ಯಾಕಿಮಾದಲ್ಲಿ ನಡೆದ ಅಪಘಾತಕ್ಕೆ ಬೇರೊಂದು ದೋಷ ಕಾರಣ: 255ರವರೆಗೆ ಮಾತ್ರ ಎಣಿಸಬಲ್ಲ ಗುರುತೊಂದು ಮುಂದಿನ ಹೆಜ್ಜೆಯಲ್ಲಿ ಸೊನ್ನೆಗೆ ಮರಳಿ, ಅಗತ್ಯವಾದ ತಪಾಸಣೆ ತಪ್ಪಿಹೋಗಿತ್ತು.

ಈ ಪ್ರಸಂಗದಿಂದ ಪರೀಕ್ಷಕನ ಧರ್ಮ ಸ್ಪಷ್ಟವಾಗುತ್ತದೆ. ಬಳಸುವವರು ನಿಜವಾಗಿ ಹೇಗೆ ಬಳಸುವರೋ ಹಾಗೆಯೇ ಅವನು ಬಳಸಿ ನೋಡಬೇಕು. ಸರಿಯಾದ ದಾರಿಯಲ್ಲಿಯೂ ತಪ್ಪಿದ ದಾರಿಯಲ್ಲಿಯೂ ನಡೆಯಬೇಕು. ಸೊನ್ನೆ, ಅತಿ ಹೆಚ್ಚು, ಅದಕ್ಕಿಂತ ಒಂದು ಹೆಚ್ಚು ಎಂಬ ಎಲ್ಲೆಗಳನ್ನು ಮುಟ್ಟಿ ನೋಡಬೇಕು. ದೋಷ ಕಂಡರೆ, ಯಾವ ಕ್ರಮದಲ್ಲಿ ಏನು ಮಾಡಿದಾಗ ಬಂದಿತು, ಆಗಬೇಕಾದುದೇನು, ಆದುದೇನು ಎಂಬುದನ್ನು ಇನ್ನೊಬ್ಬನು ಓದಿ ಮರಳಿ ಮಾಡಿ ನೋಡುವಂತೆ ಬರೆಯಬೇಕು. ಪ್ರಾಣಾಪಾಯದ ದೋಷಕ್ಕೆ ಮೊದಲ ಸ್ಥಾನ; ಕಾಗುಣಿತದ ತಪ್ಪಿಗೆ ಅನಂತರದ್ದು. ತಿದ್ದಿದ ಬಳಿಕ ಅದನ್ನೂ, ಆ ತಿದ್ದುಪಡಿಯಿಂದ ಬೇರೇನಾದರೂ ಕೆಟ್ಟಿತೇ ಎಂಬುದನ್ನೂ ಮತ್ತೆ ಪರೀಕ್ಷಿಸಬೇಕು. ಅಲ್ಲಿಯವರೆಗೆ ಆ ದಾಖಲೆಯನ್ನು ಮುಚ್ಚುವಂತಿಲ್ಲ. ಮರುಕಳಿಸಲಿಲ್ಲವೆಂದ ಮಾತ್ರಕ್ಕೆ ದೋಷ ಇಲ್ಲವೆಂದು ಹೇಳಲಾಗದು.

ತಪ್ಪು ತೋರಿಸಿದವನನ್ನು ವೈರಿಯೆಂದು ಬಗೆಯುವಲ್ಲಿ ಯಾವ ಕಾರ್ಯವೂ ಏಳಿಗೆ ಹೊಂದದು. ಶರಣರು ಬದುಕಿನಲ್ಲಿ ಬಯಸಿದ ಆತ್ಮಶೋಧನೆಯೇ ಇಲ್ಲಿ ಯಂತ್ರದ ಕೆಲಸಕ್ಕೂ ಬೇಕಾಗಿದೆ. ಇಂದು ಶಾಲೆಯಲ್ಲಿ ತನ್ನ ಲೆಕ್ಕವನ್ನು ತಾನೇ ತಾಳೆ ನೋಡಿ, ಕಂಡ ತಪ್ಪನ್ನು ನಾಚದೆ ಗುರುಗಳ ಮುಂದೆ ಒಪ್ಪಿಕೊಳ್ಳುವ ಬಾಲಕನು ನಾಳೆ ಯಾವ ವೃತ್ತಿಯನ್ನು ಹಿಡಿದರೂ ಅವನ ಕೈಯ ಕೆಲಸವನ್ನು ಜನರು ನಂಬಬಹುದು.