ಮನಿ ಕಡೆ ಯಾರು?

ನಮ್ಮ ಮನೆಯಲ್ಲಿ ಕ್ರೂಸರ್ ಗಾಡಿ ಬಾಡಿಗೆಗೆ ಹೇಳುವುದು ಮೂರೇ ಕಾರಣಕ್ಕೆ. ದೇವರು, ಲಗ್ನ, ದವಾಖಾನೆ. ಈ ಮೂರೂ ಅಲ್ಲದ ಕೆಲಸಕ್ಕೆ ಹನ್ನೊಂದು ಮಂದಿ ಒಂದೇ ಗಾಡಿಯಲ್ಲಿ ಕೂತು ನಾನೂರು ಕಿಲೋಮೀಟರ್ ಹೋಗುವುದು ಅಂದರೇನು ಅಂತ ಅಪ್ಪನಿಗೆ ತಿಳಿಸಿ ಹೇಳಲು ನನಗೆ ನಾಲ್ಕು ಭಾನುವಾರದ ಫೋನು ಬೇಕಾದವು.

“ಅಲ್ಲಿ ಏನೈತಿ?”

“ಆಟ ಅದಾವಪ್ಪಾ. ದೊಡ್ಡ ದೊಡ್ಡವು. ಮ್ಯಾಲ ಒಯ್ದು ಒಮ್ಮಿಗೇ ಕೆಳಗ ಬಿಡತಾವು.”

“ಜಾತ್ರ್ಯಾಗಿನ ತೊಟ್ಟಲ ಇದ್ದಂಗ?”

“ಹೂಂ. ಅಂಥಾವು ಇಪ್ಪತ್ತು ಅದಾವ ಅನ್ಕೋ.”

“ಯಾವ ದೇವರ ಜಾತ್ರಿ?”

ದೇವರಿಲ್ಲ, ಬರೇ ಜಾತ್ರೆ ಅಂದೆ. ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ ಎಮ್ಮೆ ಒದರಿದ್ದು ಕೇಳಿಸಿತು, ಅಪ್ಪ ಫೋನು ಅವ್ವನ ಕೈಗೆ ಕೊಟ್ಟು ಎದ್ದುಹೋದ.

ಇದೆಲ್ಲ ಶುರುವಾಗಿದ್ದು ದೀಪಾವಳಿಗೆ ಊರಿಗೆ ಹೋದಾಗ. ನನ್ನ ಮಗ ಬೆಂಗಳೂರಿನ ಶಾಲೆಯವರ ಜೊತೆ ವಂಡರ್‌ಲಾಗೆ ಹೋಗಿಬಂದ ಕತೆಯನ್ನು ಅಟ್ಟದ ಮೇಲೆ ಕೂತು ತಮ್ಮನ ಮಕ್ಕಳಿಗೆ ಹೇಳುತ್ತಿದ್ದ. ಅವನು ಹೇಳಿದ್ದರಲ್ಲಿ ಅರ್ಧ ಸುಳ್ಳು. ಆದರೆ ತಮ್ಮನ ಮಗಳು ಕೆಳಗಿಳಿದು ಬಂದವಳೇ, “ದೊಡ್ಡಪ್ಪಾ, ಖರೇನ ಮಂದೀನ ತೆಲಿ ಕೆಳಗ ಮಾಡಿ ತಿರಗಸ್ತಾರೇನು?” ಅಂತ ಕೇಳಿದಳು. ಹೌದು ಅಂದೆ. “ಹಂಗಾರ ನಾವೂ ಹೋಗೂಣು” ಅಂದಳು. ಹೋಗೋಣ ಅಂದುಬಿಟ್ಟೆ. ಲಕ್ಷ್ಮೀ ಪೂಜೆಯ ರಾತ್ರಿ, ಇಡೀ ಮನೆಯ ಮುಂದೆ, ಅಷ್ಟು ಸಣ್ಣ ಹುಡುಗಿಗೆ ಆಡಿದ ಮಾತು. ಅದು ಆಫೀಸಿನಲ್ಲಿ ನಾವು ಮ್ಯಾನೇಜರಿಗೆ ಕೊಡುವ ಡೇಟಿನ ಹಾಗಲ್ಲ, ಮುಂದೂಡಲು ಬರುವುದಿಲ್ಲ.

ಬೆಂಗಳೂರಿನ ಗೆಳೆಯರು ಕೇಳುತ್ತಾರೆ, ಬಿಡದಿಯಲ್ಲಿ 2005ರಿಂದ ವಂಡರ್‌ಲಾ ಇರುವಾಗ ಮಹಾರಾಷ್ಟ್ರದ ಖೋಪೋಲಿಗೆ, ಇಮ್ಯಾಜಿಕಾಕ್ಕೆ ಯಾಕೆ ಅಂತ. ಒಮ್ಮೆ ನಕಾಶೆ ತೆರೆದು ನಮ್ಮ ಊರಿನ ಮೇಲೆ ಬೆರಳಿಡಿ. ಜಮಖಂಡಿ ತಾಲೂಕಿನ ಹೊಳೆದಂಡೆಯ ಊರು. ಅಲ್ಲಿಂದ ಬೆಂಗಳೂರಿಗೇ ಐನೂರು ಕಿಲೋಮೀಟರ್ ದಾಟುತ್ತದೆ. ಆಮೇಲೆ ಬೆಂಗಳೂರನ್ನು ಈ ಕಡೆಯಿಂದ ಆ ಕಡೆಗೆ ದಾಟಬೇಕು, ಅದಿನ್ನೊಂದು ಪ್ರಯಾಣ. ಖೋಪೋಲಿ ನಮಗೆ ನೂರು ಕಿಲೋಮೀಟರಿಗಿಂತ ಹೆಚ್ಚು ಹತ್ತಿರ. ಅಷ್ಟೇ ಅಲ್ಲ, ನಮ್ಮ ಕಡೆಯ ಜೀವ ಯಾವಾಗಲೂ ಎಳೆಯುವುದು ಪಡುವಣಕ್ಕೆ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು, ರಬಕವಿ ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತು. 1948ರಲ್ಲಿ ಇವೆಲ್ಲ ಮುಂಬೈ ಪ್ರಾಂತಕ್ಕೆ ಹೋದವು, 1956ರಲ್ಲಿ ಕರ್ನಾಟಕಕ್ಕೆ ಬಂದೆವು. ರಾಜಧಾನಿ ಬದಲಾಯಿತು, ಬಾಜಾರು ದವಾಖಾನೆ ಬದಲಾಗಲಿಲ್ಲ. ನಮ್ಮ ಅಜ್ಜಿ ಬೆಂಗಳೂರು ನೋಡದೆ ತೀರಿಕೊಂಡಳು. ಕೊಲ್ಲಾಪುರದ ಓಣಿ ಓಣಿ ಗೊತ್ತಿತ್ತು ಅವಳಿಗೆ.

ಸರಿ, ಎಕ್ಸೆಲ್ ಶೀಟು ತೆರೆದೆ. ನಾನು ಹೊಟ್ಟೆಪಾಡಿಗೆ ಮಾಡುವುದೇ ಅದು, ಹತ್ತು ಮಂದಿಯ ಕೆಲಸವನ್ನು ಸಾಲು-ಕಾಲಮ್ಮಿನಲ್ಲಿ ಕೂಡಿಸುವುದು. ಮೊದಲ ಸಾಲು ರಸ್ತೆ. ಮೊಬೈಲಿನ ಮ್ಯಾಪು ತೇರದಾಳ, ಕುಡಚಿ, ಮಿರಜ, ಸಾಂಗಲಿ ಮೇಲೆ ಹಾಯ್ದು ಹೆದ್ದಾರಿ ಸೇರು ಅಂದಿತು. ಅವ್ವನಿಗೆ ಹೇಳಿದೆ.

“ಆ ಹಾದೀಲೆ ಬ್ಯಾಡ” ಅಂದಳು.

ಯಾಕೆ ಅಂತ ಕೇಳುವ ಕಾರಣವಿರಲಿಲ್ಲ. ಐದು ವರ್ಷದ ಹಿಂದೆ ಅಪ್ಪನಿಗೆ ಎದೆನೋವು ಬಂದ ರಾತ್ರಿ ತಮ್ಮ ಅದೇ ರಸ್ತೆಯಲ್ಲಿ ಗಾಡಿ ಹೊಡೆಸಿಕೊಂಡು ಮಿರಜಕ್ಕೆ ಹೋಗಿದ್ದ. ಹಿಂದಿನ ಸೀಟಿನಲ್ಲಿ ಅಪ್ಪನ ತಲೆ ಅವ್ವನ ತೊಡೆಯ ಮೇಲೆ. ನಾನು ಬೆಂಗಳೂರಿನಿಂದ ಬಂದು ಮುಟ್ಟುವಷ್ಟರಲ್ಲಿ ಸ್ಟೆಂಟ್ ಹಾಕಿ ಮುಗಿದಿತ್ತು. ನಮ್ಮ ಭಾಗದ ಎಷ್ಟೋ ಮನೆಗಳಲ್ಲಿ ‘ಮಿರಜ’ ಅನ್ನುವುದು ಊರಿನ ಹೆಸರಲ್ಲ, ಒಂದು ರೋಗದ ಹೆಸರು. “ಅವರ ಮನ್ಯಾಗ ಮಿರಜ ನಡದೈತಿ” ಅಂದರೆ ಸಾಕು, ಮುಂದೆ ಯಾರೂ ಕೇಳುವುದಿಲ್ಲ. ಹಾಗಾಗಿ ಮಹಾಲಿಂಗಪುರ, ಚಿಕ್ಕೋಡಿ, ನಿಪ್ಪಾಣಿ ಅಂತ ಬರೆದೆ. ಅಲ್ಲಿ ಪುಣೆ-ಬೆಂಗಳೂರು ಹೆದ್ದಾರಿ. ಕಾಗಲ್, ಕೊಲ್ಲಾಪುರ, ಕರಾಡ, ಸಾತಾರಾ, ಖಂಬಾಟಕಿ ಘಾಟು, ಪುಣೆ. ಘಾಟಿನ ಮುಂದೆ ಆವರಣದಲ್ಲಿ “ಲಿಂಬೆಹಣ್ಣು, ಪ್ಲಾಸ್ಟಿಕ್ ಚೀಲ” ಅಂತ ಸೇರಿಸಿದವಳು ನನ್ನ ಹೆಂಡತಿ.

ಕೊಲ್ಲಾಪುರ ಅನ್ನುವ ಹೆಸರು ಬಂದದ್ದೇ ತಡ, ಅವ್ವನ ವಿರೋಧ ಕರಗಿತು. ಲಕ್ಷ್ಮವ್ವನ ಉಡಿ ತುಂಬುವುದು ಬಾಕಿ ಇದೆಯಂತೆ. ಮರುದಿನವೇ ಓಣಿಯಲ್ಲಿ ಸುದ್ದಿ: “ಕೊಲ್ಲಾಪುರದ ಲಕ್ಷ್ಮವ್ವಗ ಹೊಂಟೀವಿ. ಹಂಗ ಮುಂದ ಒಂಚೂರ ಹೋಗಿ ಬರತೀವಿ.” ಆ ‘ಒಂಚೂರು’ ಮುನ್ನೂರು ಕಿಲೋಮೀಟರು. ಚೈತ್ರ ಹುಣ್ಣಿಮೆಗೆ ಜ್ಯೋತಿಬಾ ಜಾತ್ರೆ ಇರುತ್ತದೆ, ಆ ದಿನ ಕೊಲ್ಲಾಪುರದ ಸುತ್ತ ಗಾಡಿ ಹಾಯುವುದಿಲ್ಲ ಅಂತ ಎಚ್ಚರಿಸಿದವಳೂ ಅವಳೇ. ಯಾವ ಮ್ಯಾಪೂ ಎರಡು ತಿಂಗಳ ಮೊದಲೇ ಇದನ್ನು ಹೇಳುವುದಿಲ್ಲ.

ಕೊಲ್ಲಾಪುರಕ್ಕಿಂತ ಸ್ವಲ್ಪ ಮೊದಲು ಕಣೇರಿ ಮಠ. ಕಾಡಸಿದ್ಧೇಶ್ವರರ ಮಠಕ್ಕೆ ನಮ್ಮ ಕಡೆಯ ಭಕ್ತರು ಬಹಳ. ಅಲ್ಲಿ ಹಳೆಯ ಕಾಲದ ಹಳ್ಳಿಯನ್ನು ಪೂರ್ತಿ ಬೊಂಬೆಗಳಲ್ಲಿ ಮಾಡಿಟ್ಟಿದ್ದಾರೆ. ನೇಗಿಲು ಹೊಡೆಯುವವನು, ಕುಂಬಾರ, ಕಮ್ಮಾರ, ಬಾವಿಯಿಂದ ನೀರು ಸೇದುವ ಹೆಣ್ಣುಮಕ್ಕಳು. ನನ್ನ ಮಗನಿಗೆ ತೋರಿಸಬೇಕು ಅಂತ ನಾನು. “ಎತ್ತ ನೋಡಾಕ ರೊಕ್ಕಾ ಕೊಟ್ಟ ಒಳಗ ಹೋಗಬೇಕಾ?” ಅಂತ ಅಪ್ಪ. ಆದರೆ ನಮ್ಮ ಹಟ್ಟಿಯಲ್ಲೂ ಈಗ ಎತ್ತಿಲ್ಲ, ಟ್ರ್ಯಾಕ್ಟರಿದೆ. ಅದು ಅಪ್ಪನಿಗೂ ಗೊತ್ತು, ಆ ಮಾತು ಬೆಳೆಸಲಿಲ್ಲ.

ಇಮ್ಯಾಜಿಕಾ 2013ರಲ್ಲಿ ಶುರುವಾದದ್ದು, ಮಗ್ಗುಲಲ್ಲೇ ನೀರಿನ ಪಾರ್ಕೂ ಇದೆ. ಅದಕ್ಕೂ ಹೋಗುವುದೋ ಬೇಡವೋ ಅಂತ ಕಾನ್ಫರೆನ್ಸ್ ಕಾಲ್ ಮಾಡಿದೆ. ಅಲ್ಲಿ ಸೀರೆ ನಡೆಯುವುದಿಲ್ಲ, ನೈಲಾನಿನ ಈಜುಬಟ್ಟೆಯೇ ಬೇಕು ಅಂದಾಗ ತಮ್ಮನ ಹೆಂಡತಿ ನಕ್ಕಳು. ಅವಳು ಬನಹಟ್ಟಿಯವಳು, ತವರಿನಲ್ಲಿ ಹಗಲೂರಾತ್ರಿ ಪವರ್‌ಲೂಮಿನ ಸದ್ದು. “ಭಾವಾರ, ಸೀರಿ ಉಟಗೊಂಡ ಕೃಷ್ಣಾ ಹೊಳ್ಯಾಗ ಮುಳುಗಿ ಎದ್ದೀವ್ರಿ. ಹೊಳಿ ಏನೂ ಅನ್ನಲಿಲ್ಲ.” ಬೀಳಗಿಯ ಅಕ್ಕ ಅದಕ್ಕಿಂತ ಖಡಕ್ಕು. ಅವಳ ಗಂಡನ ಮನೆಯವರ ಹಳೆಯ ಊರು ಆಲಮಟ್ಟಿ ಹಿನ್ನೀರಿನಲ್ಲಿ ಹೋಗಿದೆ, ಈಗ ಇರುವುದು ಪುನರ್ವಸತಿ ಕೇಂದ್ರದ ಮನೆ. “ನೀರಾಗ ಇಳಿಯಾಕ ನಾ ರೊಕ್ಕಾ ಕೊಡೂದಿಲ್ಲಪಾ. ನಮ್ಮ ಊರಿಗೆ ಊರನ್ನ ಪುಕ್ಕಟ ಇಳಿಸ್ಯಾರ.” ನೀರಿನ ಪಾರ್ಕು ಶೀಟಿನಿಂದ ಹೋಯಿತು.

ಮಕ್ಕಳ ಟಿಕೆಟ್ಟು ಅಲ್ಲಿ ವಯಸ್ಸಿನ ಮೇಲಲ್ಲ, ಎತ್ತರದ ಮೇಲೆ. ಹಾಗಾಗಿ ತಮ್ಮ ಮಕ್ಕಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಟೇಪು ಹಿಡಿದು ಫೋಟೋ ಕಳಿಸಿದ. ಹೊರಗಿನ ತಿನಿಸು ಒಳಗೆ ಬಿಡುವುದಿಲ್ಲ ಅನ್ನುವುದನ್ನು ಅವ್ವನಿಗೆ ಇನ್ನೂ ಹೇಳಿಲ್ಲ. ಅವಳು ಕಟಕ ರೊಟ್ಟಿಯ ಲೆಕ್ಕ ಆಗಲೇ ನೂರಾ ಇಪ್ಪತ್ತಕ್ಕೆ ತಂದಿದ್ದಾಳೆ, ಶೇಂಗಾ ಹಿಂಡಿ ಬೇರೆ. ಪಾರ್ಕಿಂಗಿನಲ್ಲಿ ಕೂತು ಉಣ್ಣುವುದು ಅಂತ ನಾನೂ ಹೆಂಡತಿಯೂ ಗುಟ್ಟಾಗಿ ಗೊತ್ತು ಮಾಡಿಕೊಂಡಿದ್ದೇವೆ. ಗಾಡಿ ಮುಧೋಳದ್ದು. ಡ್ರೈವರ್ ಶಿರಡಿ, ಪಂಢರಪುರ, ತುಳಜಾಪುರ ಎಲ್ಲ ಕಂಡವನು. ನಾನು ಸ್ಥಳ ಹೇಳಿದಾಗ ಅವನು ಕೇಳಿದ್ದು ಒಂದೇ: “ದರ್ಶನಕ್ಕ ಎಷ್ಟೊತ್ತು ಹಿಡೀತೈತ್ರಿ ಸರ?”

ಇದೆಲ್ಲ ಮೇಲಿನ ಸಾಲುಗಳು. ಶೀಟನ್ನು ಎಲ್ಲರಿಗೂ ಹಂಚಿದ್ದೆ. ಒಂದು ರಾತ್ರಿ ತೆರೆದು ನೋಡಿದರೆ ತೀರ ಕೆಳಗೆ ನಾನು ಬರೆಯದ ಒಂದು ಸಾಲಿತ್ತು. ತಮ್ಮ ಮೊಬೈಲಿನಲ್ಲೇ ಟೈಪು ಮಾಡಿ ಸೇರಿಸಿದ್ದ. ಮೊದಲ ಕಾಲಮ್ಮಿನಲ್ಲಿ “ಮನಿ ಕಡೆ”. ಎರಡನೆಯದರಲ್ಲಿ “ನಾ”.

ಬೆಂಗಳೂರಿನಲ್ಲಿ ನಾವು ಮನೆಗೆ ಬೀಗ ಹಾಕಿ, ಹಾಲಿನವನಿಗೆ ಮೆಸೇಜು ಹಾಕಿ ಹೊರಟುಬಿಡುತ್ತೇವೆ. ಒಕ್ಕಲುತನದ ಮನೆಗೆ ಬೀಗ ಇರುವುದಿಲ್ಲ. ಎರಡು ಎಮ್ಮೆ, ಒಂದು ಕರು, ಕುಳೆ ಕಬ್ಬು. ಅಕ್ಟೋಬರ್ ಮುಗಿಯುತ್ತ ಬಂದಂತೆ ಫ್ಯಾಕ್ಟರಿ ಶುರು, ಆಮೇಲೆ ಕಟಾವಿನ ಗ್ಯಾಂಗು ಯಾವಾಗ ಬರುತ್ತದೋ ಆವಾಗ ಹೊಲದಲ್ಲಿರಬೇಕು. ಜೂನಿನಲ್ಲಿ ಬಿತ್ತಿಗೆ. ಮಕ್ಕಳ ಪರೀಕ್ಷೆ ಮುಗಿದು ಬಿಸಿಲು ತೀರ ಏರುವ ಮೊದಲು, ಏಪ್ರಿಲ್ಲಿನಲ್ಲಿ ಒಂದು ಸಂದು ಸಿಗುತ್ತದೆ. ಅದರಲ್ಲೂ ಕಬ್ಬಿಗೆ ನೀರು ತಪ್ಪುವಂತಿಲ್ಲ. ಯಾರಾದರೂ ಒಬ್ಬರು ಮನಿ ಕಡೆ ಇರಲೇಬೇಕು. ನಾನು ಬಾಗಲಕೋಟೆಯಲ್ಲಿ ಬಿ.ಇ. ಓದುವಾಗ ಪಿಯುಸಿ ಮುಗಿಸಿದ ತಮ್ಮ ಆ ಒಬ್ಬನಾದ. ಅಲ್ಲಿಂದ ಇಲ್ಲಿತನಕ ಅವನು ಮಾಡಿದ ದೂರದ ಪ್ರಯಾಣ ನನ್ನ ಮನೆಯ ಗೃಹಪ್ರವೇಶದ್ದು. ರಾತ್ರಿ ಬಸ್ಸಿಗೆ ಬಂದ, ಊಟ ಮಾಡಿದ, ಮರುರಾತ್ರಿ ಬಸ್ಸಿಗೆ ಹೋದ. ವಿಧಾನಸೌಧ ನೋಡಿದ್ದು ಬಸ್ಸಿನ ಕಿಟಕಿಯಿಂದ.

ಆ ಸಾಲನ್ನು ನಾನು ಅಳಿಸಲಿಲ್ಲ, ಯಾರ ಹತ್ತಿರವೂ ಆಡಲಿಲ್ಲ. ಆದರೆ ತಮ್ಮನ ಮಗಳು ಶೀಟನ್ನು ಅಜ್ಜನಿಗೆ ಓದಿ ಹೇಳಿದ್ದಳು. ಐದನೇ ಭಾನುವಾರ ಅಪ್ಪನೇ ಫೋನು ಹಚ್ಚಿಸಿದ.

“ಮನಿ ಕಡೆ ನಾ ಇರತೀನಿ. ಅವನ್ನ ಕರಕೊಂಡು ಹೋಗು.”

“ಅಪ್ಪಾ, ನಿಮಗಂತನ ಮಾಡಿದ್ದು ಇದು.”

“ನಾ ಶ್ರೀಶೈಲಕ್ಕ ನಡಕೊಂತ ಹೋಗೀನಿ, ಎಲ್ಲವ್ವನ ಗುಡ್ಡಕ್ಕ ಚಕ್ಕಡಿ ಹೂಡಿಕೊಂಡು ಹೋಗೀನಿ. ನನ್ನ ತಿರುಗಾಟ ಆಗೇತಿ. ಅಂವ ಎಲ್ಲಿಗೆ ಹೋಗ್ಯಾನ? ಮಿರಜಕ್ಕ. ಅದೂ ನನ್ನ ಸಲುವಾಗಿ.”

ಇದನ್ನು ಕೇಳಿ ತಮ್ಮ ಸಿಟ್ಟಾದ. ಎದೆಯಲ್ಲಿ ಸ್ಟೆಂಟ್ ಇಟ್ಟುಕೊಂಡು ಅರವತ್ತೆಂಟರ ಮನುಷ್ಯ ರಾತ್ರಿ ಎರಡಕ್ಕೆ ಬ್ಯಾಟರಿ ಹಿಡಿದು ಕಬ್ಬಿನ ಸಾಲಿನಲ್ಲಿ ನೀರು ಹಾಯಿಸುವುದೇ, ಹಾವು-ಹುಳದ ಕಾಲದಲ್ಲಿ? ಹಾಗಾದರೆ ಯಾರೂ ಹೋಗುವುದು ಬೇಡ ಅಂದ. ಅಪ್ಪ ಅವನ ಜೊತೆ ಮಾತು ಬಿಟ್ಟ. ನಾಲ್ಕು ದಿನ ಮನೆಯಲ್ಲಿ ಉಳಿಯುವ ಹಕ್ಕಿಗೆ ಇಬ್ಬರು ಜಗಳ ಆಡುವುದನ್ನು ನಾನು ಐನೂರು ಕಿಲೋಮೀಟರ್ ದೂರದಿಂದ, ಸ್ಟ್ಯಾಂಡಪ್ ಮೀಟಿಂಗಿನ ನಡುವೆ ಮ್ಯೂಟು ಒತ್ತಿ ಕೇಳಿದೆ. ಪಂಚಾಯ್ತಿ ಮಾಡಲು ಅಕ್ಕನಿಗೆ ಹೇಳಿದರೆ ಅವಳು ಅಪ್ಪನ ಕಡೆ, ಅವ್ವ ತಮ್ಮನ ಕಡೆ.

ದಾರಿ ತೋರಿಸಿದ್ದು ನನ್ನ ಹೆಂಡತಿ. “ರಾತ್ರಿ ಯಾಕೆ ಹೋಗಬೇಕು ಮಾವ?” ಅಂತ ಕೇಳಿದಳು. ತ್ರೀ ಫೇಸ್ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ ಅಂದೆ. “ಹಗಲಿನ ವಾರ ಹೋದರಾಯಿತಲ್ಲ.”

ಹೀಗಾಗಿ ನಮ್ಮ ಪ್ರವಾಸದ ತಾರೀಖು ನನ್ನ ರಜೆಯ ಮೇಲೆ ನಿಂತಿಲ್ಲ, ಆನ್‌ಲೈನ್ ಟಿಕೆಟ್ಟಿನ ರಿಯಾಯಿತಿಯ ಮೇಲೂ ನಿಂತಿಲ್ಲ. ಊರಿನ ಲೈನ್‌ಮನ್ ಹೇಳುವ ಪಾಳಿಯ ಮೇಲೆ ನಿಂತಿದೆ. ಏಪ್ರಿಲ್ ಎರಡನೇ ವಾರ ನಮಗೆ ಹಗಲು ಪಾಳಿ ಬರುತ್ತದೆ, ಆದರೆ ಅಲ್ಲಿತನಕ ಬದಲಾದರೂ ಬದಲಾದೀತು ಅಂದಿದ್ದಾನೆ. ಅದಕ್ಕೇ ಟಿಕೆಟ್ಟು ಇನ್ನೂ ಮಾಡಿಸಿಲ್ಲ. ಮ್ಯಾನೇಜರಿಗೆ “ರಜೆ ಬೇಕು, ತಾರೀಖು ಕರೆಂಟು ನೋಡಿ ಹೇಳುತ್ತೇನೆ” ಅಂತ ಬರೆದಿದ್ದೇನೆ. ಅವನು ಒಂದು ನಗುವ ಗೊಂಬೆ ಕಳಿಸಿದ, ತಮಾಷೆ ಅಂದುಕೊಂಡಿರಬೇಕು.

ತಮ್ಮ ಪೂರ್ತಿ ಒಪ್ಪಿದ್ದಾನೆ ಅಂತ ಹೇಳಲಾರೆ. ಬೋರಿಗೆ ಮೊಬೈಲ್ ಸ್ಟಾರ್ಟರ್ ಕೂಡಿಸಿದ್ದಾನೆ. ಪೆಟ್ಟಿಗೆಯೊಳಗಿನ ಸಿಮ್ಮಿಗೆ ಎಲ್ಲಿಂದ ಬೇಕಾದರೂ ಫೋನು ಮಾಡಿದರೆ ಮೋಟಾರು ಚಾಲೂ, ಇನ್ನೊಮ್ಮೆ ಮಾಡಿದರೆ ಬಂದ್. ಅಪ್ಪ ನೆರಳಲ್ಲಿ ಕೂತು ಹೊತ್ತಿಗೊಮ್ಮೆ ನೀರು ತಿರುವಿದರೆ ಸಾಕು, ಮೋಟಾರು ಖೋಪೋಲಿಯಿಂದ ತಾನೇ ನಡೆಸುತ್ತಾನಂತೆ. ಶೀಟಿನಲ್ಲಿ “ಮನಿ ಕಡೆ” ಸಾಲಿನ ಮುಂದೆ ಈಗ “ಅಪ್ಪ + ನಾ (ಫೋನ್)” ಅಂತಿದೆ.

ಮೊನ್ನೆ ರಾತ್ರಿ ಅವನ ಫೋನು ಬಂತು.

“ಅಣ್ಣಾ, ಆ ನೈಟ್ರೋ ಅಂತಲ್ಲ, ತೆಲಿಕೆಳಗ ಮಾಡೂದು. ಅದರಾಗ ಮೊಬೈಲ ಒಯ್ಯಾಕ ಬಿಡತಾರೇನು?”

“ಇಲ್ಲೋ. ಕೆಳಗ ಇಟ್ಟ ಹತ್ತಬೇಕು.”

“ಎಷ್ಟೊತ್ತಿನ ಆಟ ಅದು?”

“ಮೂರು ನಿಮಿಷ ಇದ್ದೀತು.”

ಸ್ವಲ್ಪ ಲೆಕ್ಕ ಹಾಕಿದ ಅನ್ನಿಸುತ್ತದೆ.

“ಮೂರು ನಿಮಿಷ ನಡೀತೈತಿ ತಗೊ” ಅಂದ.