ಎರಡು ಮುಳ್ಳುಗಳ ಸಾಕ್ಷ್ಯ

ಹಳೆಯ ಕಾರಿನ ಮೀಟರುಗಳು ಸುಳ್ಳು ಹೇಳುವುದುಂಟು. ಆದರೆ ಒಂದೇ ಮುಳ್ಳು ಹೇಳುವ ಸುಳ್ಳಿಗೂ ಎರಡು ಮುಳ್ಳುಗಳು ಜೊತೆಗೂಡಿ ಹೇಳುವ ಸುಳ್ಳಿಗೂ ಬಹಳ ಅಂತರವಿದೆ. ಸೆಮಿನರಿಗೆ ಸೇರುವ ಮುನ್ನ, ರಜೆಯ ದಿನಗಳಲ್ಲಿ, ಸೋದರಮಾವನ ಗ್ಯಾರೇಜಿನಲ್ಲಿ ನಾನು ಕಲಿತ ಪಾಠವಿದು. ಅದು ಉಪಯೋಗಕ್ಕೆ ಬಂದದ್ದು ಮಾತ್ರ ಎಷ್ಟೋ ವರ್ಷಗಳ ಬಳಿಕ, ಇಂಗ್ಲೆಂಡಿನ ಒಂದು ಸಣ್ಣ ಧರ್ಮಕೇಂದ್ರದಲ್ಲಿ ಸೇವೆಯಲ್ಲಿದ್ದಾಗ.

ಅಲ್ಲಿ ಪತ್ನಿಯನ್ನು ಕಳೆದುಕೊಂಡಿದ್ದ ಹಿರಿಯರೊಬ್ಬರಿದ್ದರು. ಅವರ ಶೆಡ್ಡಿನಲ್ಲಿ 1970ರ ದಶಕದ ಟ್ರಯಂಫ್ ಸ್ಪಿಟ್‌ಫೈರ್ ಕಾರೊಂದಿತ್ತು. ಇಬ್ಬರೇ ಕುಳಿತುಕೊಳ್ಳಬಹುದಾದ, ಮಡಚುವ ಛಾವಣಿಯ ಕಾರು. 1962ರಿಂದ 1980ರವರೆಗೆ ತಯಾರಾದ ಈ ವಾಹನದ ರೂಪ ಇಟಲಿಯ ಜಿಯೊವಾನಿ ಮಿಕೆಲೊಟ್ಟಿಯವರದು. ಪತ್ನಿ ತಮ್ಮ ಸಂಬಳದಲ್ಲಿ ಕೊಂಡ ಕಾರು ಅದು. ಈಗ ಎಂಜಿನ್ ಕಾದೊಡನೆ ಉಷ್ಣಮಾಪಕದ ಮುಳ್ಳು ಕೊನೆಯ ಗೆರೆಯ ಹತ್ತಿರ ಹೋಗಿ ನಿಲ್ಲುತ್ತಿತ್ತು. ಎಂಜಿನ್ ಬಿಚ್ಚಿಯೇ ನೋಡಬೇಕೆಂದು ಊರಿನ ಗ್ಯಾರೇಜಿನವರು ಹೇಳಿದ್ದರು. ಅವರು ಕೇಳಿದ ಮೊತ್ತ ಪಿಂಚಣಿಯವರ ಕೈಗೆ ನಿಲುಕುವಂತಹದಲ್ಲ. "ಫಾದರ್, ಮಾರಿಬಿಡುತ್ತೇನೆ" ಎಂದರು. ಹೇಳುವಾಗ ಅವರು ಕಾರಿನತ್ತ ನೋಡಲಿಲ್ಲ.

ನಾನು ಕೇಳಿದ್ದು ಒಂದೇ ಪ್ರಶ್ನೆ: ಪೆಟ್ರೋಲ್ ಮುಳ್ಳು ಹೇಗಿದೆ? ಅದು ಈಚೆಗೆ ಬಹಳ ಉದಾರವಾಗಿದೆ, ಅರ್ಧ ಟ್ಯಾಂಕ್ ಇದ್ದರೂ ತುಂಬಿದಂತೆ ತೋರಿಸುತ್ತದೆ ಎಂದರು. ನನಗೆ ಅರ್ಧ ಸಮಾಧಾನವಾಯಿತು. ಎಂಜಿನ್ ಅತಿಯಾಗಿ ಕಾದರೆ ಉಷ್ಣದ ಮುಳ್ಳು ಏರಬೇಕು, ನಿಜ. ಆದರೆ ಅದರಿಂದ ಟ್ಯಾಂಕಿನಲ್ಲಿ ಪೆಟ್ರೋಲ್ ಹೆಚ್ಚಾಗದಷ್ಟೆ!

ಆ ಕಾಲದ ಅನೇಕ ಬ್ರಿಟಿಷ್ ಕಾರುಗಳಲ್ಲಿ ಈ ಎರಡೂ ಮೀಟರುಗಳು ಕೆಲಸ ಮಾಡುವುದು ಶಾಖದಿಂದ. ಒಳಗೆ ಎರಡು ಲೋಹಗಳನ್ನು ಬೆಸೆದ ಪಟ್ಟಿ. ಅದರ ಸುತ್ತ ಸಣ್ಣ ತಂತಿ. ವಿದ್ಯುತ್ ಹರಿದಂತೆ ಪಟ್ಟಿ ಬಿಸಿಯಾಗಿ ಬಾಗುತ್ತದೆ, ಮುಳ್ಳು ನಿಧಾನವಾಗಿ ಏಳುತ್ತದೆ. ಎಷ್ಟು ವಿದ್ಯುತ್ ಹರಿಯಬೇಕೆಂದು ನಿರ್ಧರಿಸುವುದು ಟ್ಯಾಂಕಿನಲ್ಲಿ ತೇಲುವ ಬುರುಡೆಗೆ ಸೇರಿದ ರೋಧ, ಎಂಜಿನ್ನಿನ ಕಡೆ ನೀರಿನ ದಾರಿಯಲ್ಲಿರುವ ಸೆನ್ಸರ್. ಬ್ಯಾಟರಿಯ ವೋಲ್ಟೇಜ್ ಏರಿಳಿದರೆ ಮುಳ್ಳೂ ಏರಿಳಿಯಬಾರದೆಂದು ಇವೆರಡಕ್ಕೂ ಒಂದೇ ವೋಲ್ಟೇಜ್ ಸ್ಟೆಬಿಲೈಸರ್ ಇದೆ. ಬೆಂಕಿಪೊಟ್ಟಣಕ್ಕಿಂತಲೂ ಸಣ್ಣ ಡಬ್ಬಿ. ಅದರೊಳಗೂ ಅಂತಹುದೇ ಪಟ್ಟಿ: ಕಾದಾಗ ಬಾಗಿ ಸಂಪರ್ಕ ಕಡಿಯುತ್ತದೆ, ತಣಿದಾಗ ಕೂಡಿಸುತ್ತದೆ. ಹೀಗೆ ಕಡಿದು ಕೂಡಿಸಿ ಸರಾಸರಿ ಸುಮಾರು 10 ವೋಲ್ಟ್ ಕೊಡುತ್ತದೆ. ಆದರೆ ಪಟ್ಟಿ ಕಾಯಬೇಕಾದರೆ ಡಬ್ಬಿಗೆ ಕಾರಿನ ಲೋಹದ ಮೈಯೊಡನೆ ಸಂಪರ್ಕ, ನಮ್ಮ ಮೆಕ್ಯಾನಿಕರ ಮಾತಿನಲ್ಲಿ 'ಅರ್ತ್', ಇರಬೇಕು. ಅದು ತಪ್ಪಿದರೆ ಪಟ್ಟಿ ಬಾಗದು, ಬ್ಯಾಟರಿಯ ಪೂರ್ತಿ ವೋಲ್ಟೇಜ್ ಮೀಟರುಗಳಿಗೆ ನುಗ್ಗುತ್ತದೆ, ಎರಡೂ ಮುಳ್ಳುಗಳು ಇರುವುದಕ್ಕಿಂತ ಹೆಚ್ಚು ತೋರಿಸುತ್ತವೆ.

ಹಾಗೆಂದು ಊಹೆಯನ್ನು ನಂಬಿ ಕುಳಿತುಕೊಳ್ಳಲಾಗದು. ನಿಜವಾಗಿಯೂ ಕಾಯುತ್ತಿರುವ ಎಂಜಿನ್ ಓಡಿಸಿದರೆ ಹಾಳಾಗುತ್ತದೆ. ನೆರೆಯವರೊಬ್ಬರಿಂದ ಇನ್‌ಫ್ರಾರೆಡ್ ಥರ್ಮಾಮೀಟರ್ ತಂದು ಥರ್ಮೋಸ್ಟಾಟಿನ ಮುಚ್ಚಳಕ್ಕೆ ಹಿಡಿದೆವು. ಮುಳ್ಳು ಅಪಾಯದ ಅಂಚಿನಲ್ಲಿದ್ದಾಗಲೂ ಅಲ್ಲಿ 90 ಡಿಗ್ರಿ ದಾಟಲಿಲ್ಲ. ನೀರು ಕುದಿಯುವ ಲಕ್ಷಣವೂ ಇರಲಿಲ್ಲ. ಆಮೇಲೆ ಡ್ಯಾಶ್‌ಬೋರ್ಡಿನ ಹಿಂದೆ ಸ್ಟೆಬಿಲೈಸರಿನಿಂದ ಹೊರಬರುವ ತಂತಿಗೆ 12 ವೋಲ್ಟಿನ ಟೆಸ್ಟ್ ಲ್ಯಾಂಪ್ ಹಿಡಿದೆ. ಸರಿಯಿದ್ದರೆ ಮಿಣುಕಬೇಕಾಗಿತ್ತು, ಅದು ಒಂದೇ ಸಮನೆ ಉರಿಯಿತು. ಬ್ಯಾಟರಿಯ ತಂತಿ ಕಳಚಿ ಡಬ್ಬಿಯನ್ನು ಬಿಚ್ಚಿದಾಗ ಅದು ಕೂರುವ ಜಾಗದಲ್ಲಿ ತುಕ್ಕು ಹೂವಿನಂತೆ ಅರಳಿತ್ತು. ಆ ದೇಶದ ತೇವ ನಮ್ಮ ಕರಾವಳಿಯ ಮಳೆಗಾಲಕ್ಕೇನೂ ಕಡಿಮೆಯಿಲ್ಲ. ಉಜ್ಜುಕಾಗದದಿಂದ ಲೋಹ ಹೊಳೆಯುವಂತೆ ಉಜ್ಜಿ ಮತ್ತೆ ಬಿಗಿದೆವು. ದೀಪ ಮಿಣುಕಿತು. ಖರ್ಚು, ಒಂದು ತುಂಡು ಉಜ್ಜುಕಾಗದ.

ಮನೆಯಲ್ಲಿ ಹಳೆಯ ಕಾರಿರುವವರಿಗೆ ಒಂದೆರಡು ಮಾತು. ಎರಡು ಮುಳ್ಳುಗಳೂ ಒಟ್ಟಿಗೆ ಸೊನ್ನೆಯಲ್ಲಿ ಮಲಗಿದ್ದರೆ ಮೊದಲು ಫ್ಯೂಸ್, ಬಳಿಕ ಸ್ಟೆಬಿಲೈಸರ್ ನೋಡಬೇಕು. ಒಂದು ಮಾತ್ರ ಕೆಟ್ಟಿದ್ದರೆ ಅದರ ತಂತಿ, ಅದರ ಸೆನ್ಸರ್. ಸೆನ್ಸರಿನ ತಂತಿಯನ್ನು ಕಾರಿನ ಮೈಗೆ ತಾಗಿಸಿ ಪರೀಕ್ಷಿಸುವುದು ವಾಡಿಕೆ. ಆದರೆ ಕೆಲವೇ ಕ್ಷಣ, ಇಲ್ಲವಾದರೆ ಮೀಟರು ಸುಟ್ಟೀತು. ಪೆಟ್ರೋಲ್ ಟ್ಯಾಂಕಿನ ಬಳಿ ಕಿಡಿಯ ಆಟ ಬೇಡವೇ ಬೇಡ. ಎಲ್ಲಕ್ಕಿಂತ ಮುಖ್ಯವಾಗಿ, ಮುಳ್ಳನ್ನು ಕಂಡೊಡನೆ ಎಂಜಿನ್ ಬಿಚ್ಚುವವರಿಗೆ ಬೀಗದ ಕೈ ಕೊಡಬೇಡಿ.

ಆ ಹಿರಿಯರ ಕಾರಿನಲ್ಲಿ ಇನ್ನೊಂದು ದೋಷ ಉಳಿದಿತ್ತು. ಪೆಟ್ರೋಲ್ ಕಾಲುಭಾಗಕ್ಕೆ ಇಳಿದಾಗ ಮುಳ್ಳು ಮೆಲ್ಲನೆ ಸೊನ್ನೆಗೆ ಕುಸಿಯುತ್ತಿತ್ತು. ಟ್ಯಾಂಕಿನೊಳಗಿನ ರೋಧದ ತಂತಿ ಆ ಜಾಗದಲ್ಲಿ ಸವೆದಿರಬೇಕು. ಹೊಸದು ಹಾಕಿಸಬಹುದೆಂದು ಹೇಳಿದೆ. ಅವರು ಬೇಡವೆಂದರು. ಪತ್ನಿಗೂ ಅದು ಗೊತ್ತಿತ್ತಂತೆ. ಮುಳ್ಳು ಬಿದ್ದೊಡನೆ "ಇನ್ನೂ ಬೇಕಾದಷ್ಟಿದೆ" ಎನ್ನುತ್ತಾ ಪೆಟ್ರೋಲ್ ಬಂಕನ್ನು ದಾಟಿ ಹೋಗುತ್ತಿದ್ದರಂತೆ.